ಸಿಡಿಲಿಗೂ ಒಂದು ಅಳತೆ

ಮನೆಯಲ್ಲಿ ಮಗನೋ ಮಗಳೋ ಎಲೆಕ್ಟ್ರಿಕ್ ಗಿಟಾರು ಹಿಡಿದಿದ್ದರೆ, ಅದರಲ್ಲಿಯೂ 'ಮೆಟಲ್' ಎಂಬ ಪಂಥಕ್ಕೆ ಸೇರಿದ್ದರೆ, ನೆರೆಮನೆಯವರ ಸ್ನೇಹ ಇಷ್ಟು ಹೊತ್ತಿಗೆ ತುಸು ಸಡಿಲಗೊಂಡಿರಬೇಕು. ಅದೂ ಒಂದು ಸಂಗೀತವೆ ಎಂದು ಕೇಳುವ ವಾಚಕರೊಡನೆ ನಾನಿಂದು ವಾದಕ್ಕೆ ನಿಲ್ಲುವುದಿಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿ ಹೋದ ಮೇಲೆ ನಮ್ಮ ತರುಣರ ಮಟ್ಟಿಗೆ ಆ ವಾದ ಮುಗಿದಿದೆ. ನನ್ನ ಪ್ರಶ್ನೆ ಬೇರೆ: ಕೋಣೆಯಲ್ಲಿ ಸಿಂಹಗರ್ಜನೆಯಾಗಿದ್ದುದು ವೇದಿಕೆಯೇರಿದೊಡನೆ ಜೇನುಹುಟ್ಟಿನ ಗುಂಯ್‌ಗಾರವಾಗುವುದೇಕೆ?

ಕಾಲೇಜಿನ ವಾರ್ಷಿಕೋತ್ಸವವೊಂದರಲ್ಲಿ ಇದನ್ನು ಕಣ್ಣಾರೆ ಕಂಡೆ. ಕಿವಿಯಾರೆ ಕೇಳಿದೆ ಎನ್ನುವಂತಿಲ್ಲ. ತಂಡಕ್ಕೆ ದೊರೆತದ್ದು ಇಪ್ಪತ್ತು ನಿಮಿಷ. ಮುಂದಿನ ಸಾಲಿನಲ್ಲಿ ಗಿಟಾರು ನುಡಿಸುವ ಹುಡುಗನ ತಾಯಿ. ಡ್ರಮ್ಮು ಕೇಳಿಸಿತು, ಹಾಡುವವನ ಕೂಗು ಕೇಳಿಸಿತು. ಎಲ್ಲ ಮುಗಿದ ಮೇಲೆ ಆಕೆ, "ನಮ್ಮ ಹುಡುಗ ನುಡಿಸಿದ್ದು ಯಾವಾಗ ಸಾರ್?" ಎಂದರು. ಆರು ತಿಂಗಳು ಬೆರಳ ತುದಿ ಬೊಬ್ಬೆಯೇಳುವಂತೆ ಸಾಧನೆ ಮಾಡಿದವನ ಪಾಡು ಇದು. ಅವನ ಕೈ ಎಲ್ಲಿಯೂ ತಪ್ಪಿರಲಿಲ್ಲ. ಆಂಪ್ಲಿಫೈಯರಿನ 'ಗೇನ್' ಎಂಬ ಗುಂಡಿಯ ಕಿವಿಯನ್ನು ಮಾತ್ರ ಕೊನೆಯವರೆಗೂ ಹಿಂಡಿದ್ದ.

ಗೇನ್ ಎಂದರೆ ಸದ್ದಿನ ಪ್ರಮಾಣವಲ್ಲ. ಅದಕ್ಕೆ ಬೇರೊಂದು ಗುಂಡಿಯುಂಟು. ತಂತಿಯಿಂದ ಬಂದ ಕ್ಷೀಣ ವಿದ್ಯುತ್ತರಂಗವನ್ನು ಮೊದಲ ಹಂತದಲ್ಲಿಯೇ ಮಿತಿ ಮೀರಿ ಉಬ್ಬಿಸಿದರೆ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆಗ ಮೂಲ ಸ್ವರದಲ್ಲಿ ಇಲ್ಲದ ಹೊಸ ಉಪಸ್ವರಗಳು ಹುಟ್ಟುತ್ತವೆ. ಮೆಟಲ್‌ನ ಒರಟು ಕಂಠ ಇದೇ. ಆದರೆ ನೆತ್ತಿಯೆಲ್ಲ ಒಂದೇ ಮಟ್ಟಕ್ಕೆ ಬಂದರೆ ಮೃದುವಾಗಿ ಮೀಟಿದ್ದಕ್ಕೂ ಜೋರಾಗಿ ಮೀಟಿದ್ದಕ್ಕೂ ಭೇದವುಳಿಯುವುದಿಲ್ಲ. ಮೀಟಿನ ಮೊದಲ ಪೆಟ್ಟು ಕರಗಿಹೋಗುತ್ತದೆ. ಒಂಟಿಯಾಗಿ ನುಡಿಸುವಾಗ ಇದು ತಿಳಿಯದು; ಡ್ರಮ್ಮಿನ ಪಕ್ಕದಲ್ಲಿ ಕಿವಿ ಅರಸುವುದು ಆ ಪೆಟ್ಟನ್ನೇ. ಎರಡು ಗಿಟಾರುಗಳಿದ್ದರಂತೂ ಗೊಂದಲ ಇಮ್ಮಡಿಯಾಗುತ್ತದೆ. ಆದ್ದರಿಂದ ಕೋಣೆಯಲ್ಲಿ ಹಿತವೆನಿಸಿದ ಗೇನನ್ನು ವೇದಿಕೆಯಲ್ಲಿ ತಗ್ಗಿಸಬೇಕು. ಎಷ್ಟು? ಅಂಗೈಯನ್ನು ಕುದುರೆಯ ಬಳಿ ತಂತಿಗಳ ಮೇಲಿರಿಸಿ ವೇಗವಾಗಿ ಮೀಟಿದಾಗ ಒಂದೊಂದು ಪೆಟ್ಟೂ ಎಣಿಸಲು ಸಿಗುವಷ್ಟು. ತಂಬೂರಿಯಂತೆ ಈ ಗಿಟಾರಿನ ಬಲವೂ ಷಡ್ಜ-ಪಂಚಮದಲ್ಲಿದೆ. ಆ ಜೋಡಿಗೆ ಗಾಂಧಾರ ಸೇರಿಸಿದರೆ ಹೆಚ್ಚಿನ ಗೇನ್ ಅದನ್ನು ಕೆಸರು ಮಾಡುತ್ತದೆ.

ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ ಟೋನಿ ಐಯೋಮಿಯ ಉದಾಹರಣೆ ಇಲ್ಲಿ ಸಲ್ಲುತ್ತದೆ. 1970ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಧ್ವನಿಮುದ್ರಿಕೆಯಿಂದ ಈ ಪಂಥಕ್ಕೆ ಬುನಾದಿ ಹಾಕಿದವರಲ್ಲಿ ಆತನೊಬ್ಬ. ಅಷ್ಟು ಘನವಾದ ನಾದಕ್ಕೆ ಆತ ಆಂಪ್ಲಿಫೈಯರಿಗೆ ಮೊದಲು ಜೋಡಿಸುತ್ತಿದ್ದುದು, ವಿಚಿತ್ರವೆನ್ನಿ, ತಾರಸ್ವರಗಳನ್ನು ಎತ್ತಿ ಹಿಡಿಯುವ ಪುಟ್ಟ ಪೆಟ್ಟಿಗೆಯನ್ನು! ಇಂದಿನವರು ಓವರ್‌ಡ್ರೈವ್ ಪೆಡಲಿನಲ್ಲಿ ಡ್ರೈವನ್ನು ಸೊನ್ನೆಯ ಬಳಿ ಇಟ್ಟು, ಲೆವೆಲನ್ನು ಏರಿಸಿ, ಮಂದ್ರದ ಸಡಿಲನ್ನು ಬಿಗಿಗೊಳಿಸುವುದೂ ಇದೇ ಜಾತಿಯ ಉಪಾಯ.

ಇನ್ನು ಕಿವಿಯ ಚಮತ್ಕಾರ. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ಮಂದ್ರವೂ ತಾರವೂ ಮಂಕಾಗಿ ಕೇಳುತ್ತವೆಂದು 1933ರಲ್ಲಿಯೇ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದಾರೆ. ಅದಕ್ಕೇ ಹುಡುಗರು ಮನೆಯಲ್ಲಿ ಅವೆರಡನ್ನೂ ಹೆಚ್ಚಿಸಿ ಮಧ್ಯವನ್ನು ಕೊರೆದುಬಿಡುತ್ತಾರೆ. ವೇದಿಕೆಯಲ್ಲಿ ಮಂದ್ರವು ಬಾಸ್ ಗಿಟಾರಿನ ಸೊತ್ತು: ಅದರ ಕೆಳತಂತಿ 41 ಹರ್ಟ್ಸ್, ನಮ್ಮದು 82. ತಾರವನ್ನು ಡ್ರಮ್ಮಿನ ತಾಳದ ತಟ್ಟೆಗಳು ನುಂಗುತ್ತವೆ. ಗಿಟಾರಿಗೆ ಉಳಿದ ಮನೆ ಮಧ್ಯವೊಂದೇ. ಅದನ್ನೂ ಕೊರೆದುಕೊಂಡವನು ನಿಲ್ಲುವುದೆಲ್ಲಿ?

ಅಲಂಕಾರಗಳ ವಿಷಯದಲ್ಲಿ ನಾನು ಜಿಪುಣ. ಸಭಾಂಗಣವೇ ಅನುರಣನ ಕೊಡುವಾಗ ಪೆಡಲಿನ ರಿವರ್ಬ್ ನೀರಿಗೆ ನೀರು ಬೆರೆಸಿದಂತೆ. ಪ್ರತಿಧ್ವನಿಯ ಪೆಡಲನ್ನು ಗೇನ್‌ನ ಅನಂತರವೇ ಜೋಡಿಸಬೇಕು, ಇಲ್ಲವಾದರೆ ಪ್ರತಿಧ್ವನಿಯೂ ಸೀಳಿಹೋಗುತ್ತದೆ. ಒಂಟಿ ವಾದನದ ಘಳಿಗೆ ಬಂದಾಗ ಏರಿಸಬೇಕಾದದ್ದು ಗೇನನ್ನಲ್ಲ, ಗೇನ್‌ನ ಅನಂತರದ ಪ್ರಮಾಣವನ್ನು. ಬಿಡುವಿನಲ್ಲಿ ಬುಸುಗುಟ್ಟುವ ಸದ್ದನ್ನು ತಡೆಯುವ ನಾಯ್ಸ್ ಗೇಟ್ ಒಳ್ಳೆಯ ಕಾವಲುಗಾರನೇ. ಬಿಗಿ ಹೆಚ್ಚಾದರೆ ಮಾತ್ರ ನೀಳವಾದ ಸ್ವರದ ಬಾಲವನ್ನೂ ಕತ್ತರಿಸುತ್ತಾನೆ.

ಇವೆಲ್ಲವನ್ನೂ ಡ್ರಮ್ಮು, ಬಾಸ್ ಜೊತೆಗಿರುವಾಗಲೇ ಪರೀಕ್ಷಿಸಬೇಕು. ಗೆಳೆಯನೊಬ್ಬನನ್ನು ಸಭಿಕರ ಜಾಗದಲ್ಲಿ ನಿಲ್ಲಿಸಿ ಕೇಳಿಸಬೇಕು. ಬರಿದಾದ ಸಭಾಂಗಣ ಜನ ತುಂಬಿದೊಡನೆ ಸದ್ದನ್ನು ಹೀರಿಕೊಂಡು ಬೇರೆಯಾಗಿಬಿಡುತ್ತದೆಂಬುದೂ ನೆನಪಿರಲಿ. ಗುಂಡಿಗಳ ಬದಿಗೆ ಅಂಟುಪಟ್ಟಿ ಹಚ್ಚಿ ಪೆನ್ನಿನಲ್ಲಿ ಗುರುತು ಮಾಡಿಟ್ಟರೆ ಕತ್ತಲಲ್ಲಿ ಯಾರ ಕಾಲು ತಗುಲಿದರೂ ಮತ್ತೆ ಸರಿಪಡಿಸಲು ಅರ್ಧ ನಿಮಿಷ ಸಾಕು.