ಹೊಲದೊಳಗಿನ ಅನುಭಾವ: ಬದುವಿನ ಮೇಲಿನ ಧರ್ಮ



ಧರ್ಮದ ಮಾತು ಒಕ್ಕಲುತನ ಮಾಡುವವನಿಗೆ ದೂರದ್ದಲ್ಲ. ಅಲ್ಲಮಪ್ರಭುದೇವರು ಗೊಗ್ಗಯ್ಯನಿಗೆ ಬೋಧೆ ಮಾಡಿದುದು ಅವನ ತೋಟದ ಕೆಲಸವನ್ನೇ ದೃಷ್ಟಾಂತವಾಗಿಟ್ಟುಕೊಂಡು ಎಂಬುದನ್ನು ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ಓದಿದವರು ಬಲ್ಲರು. ಆ ದಾರಿಯನ್ನೇ ಹಿಡಿದು, ಈ ತಿಂಗಳು ಹೊಲದ ಬದುವಿನ ಮೇಲೆ ಸ್ವಲ್ಪ ದೂರ ನಡೆಯೋಣ.

ಎಳ್ಳ ಅಮಾವಾಸ್ಯೆಯ ದಿನ ಬೀದರ ಜಿಲ್ಲೆಯ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಭಾಲ್ಕಿ ತಾಲ್ಲೂಕಿನ ಮೆಹಕರದ ರೈತನೂ ಭಜ್ಜಿ, ರೊಟ್ಟಿ, ಅಂಬಲಿಗಳೊಡನೆ ಮನೆಮಂದಿಯನ್ನು ಕರೆದುಕೊಂಡು ಹೋಗುತ್ತಾನೆ, ಭೂಮಿತಾಯಿಯನ್ನು ಪೂಜಿಸುತ್ತಾನೆ, ಹೊಲದ ಸುತ್ತ ಚರಗ ಚೆಲ್ಲುತ್ತಾನೆ. ಹೊಲವಿಲ್ಲದ ನೆರೆಹೊರೆಯವರನ್ನೂ ಕರೆದು ಉಣಿಸುತ್ತಾನೆ. ಇದು ದಾಸೋಹವೇ ಸರಿ.

ಆದರೆ ಅದೇ ಬದುವಿನ ಮೇಲೆ ಇನ್ನೊಂದು ದಿನ ಏನು ನಡೆಯುತ್ತದೆ? ಹಿಸ್ಸೆಯಾದ ಇಬ್ಬರು ಅಣ್ಣತಮ್ಮಂದಿರಿದ್ದಾರೆಂದು ತಿಳಿಯೋಣ. ನಡುವೆ ನೂರು ಮೀಟರು ಉದ್ದದ ಬದುವಿದೆ. ಬೇಸಿಗೆಯಲ್ಲಿ ಹೊಲ ಹಸನು ಮಾಡುವಾಗ ಅಣ್ಣನು ನೇಗಿಲನ್ನು ಒಂದು ಗೇಣು ಆಚೆಗೆ ಹಾಯಿಸುತ್ತಾನೆ. ಯಾರಿಗೂ ತಿಳಿಯುವುದಿಲ್ಲ. ಮರುವರ್ಷ ಮತ್ತೊಂದು ಗೇಣು. ಹೀಗೆ ಐದು ವರ್ಷ ಸರಿಸಿದರೆ ದಕ್ಕುವುದು ಸುಮಾರು ಒಂದು ಗುಂಟೆ. ಎಕರೆಗೆ 4 ಕ್ವಿಂಟಲ್ ತೊಗರಿ ಬೆಳೆದರೂ ಆ ಒಂದು ಗುಂಟೆಯ ಪಾಲು 10 ಕಿಲೊ ಮಾತ್ರ! ಆ ಹತ್ತು ಕಿಲೊ ತೊಗರಿಗಾಗಿ ಒಡಹುಟ್ಟಿದವರ ಮಾತು ನಿಲ್ಲುತ್ತದೆ, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಬರುವುದಿಲ್ಲ, ಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ.

ನಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಎರೆ ಹೊಲವು ತೋಯ್ದು ತುಂಬಿದ ಮೇಲೆ ಮಳೆಯ ನೀರನ್ನು ಬೇಗ ಇಂಗಿಸಿಕೊಳ್ಳಲಾರದು. ನೀರು ಮೇಲುಮಣ್ಣನ್ನು ಎಳೆದುಕೊಂಡು ಇಳಿಜಾರಿಗೆ ಓಡುತ್ತದೆ. ಅದನ್ನು ತಡೆದು ನಿಲ್ಲಿಸುವುದು ಬದು, ಬದುವನ್ನು ಹಿಡಿದು ನಿಲ್ಲಿಸುವುದು ಅದರ ಮೇಲಿನ ಹುಲ್ಲು. ಬದು ಸವೆದರೆ ಅಣ್ಣನ ಹೊಲದ ಸಾರವೂ ಹೋಯಿತು, ತಮ್ಮನ ಹೊಲದ್ದೂ ಹೋಯಿತು. ಗೇಣು ಮಣ್ಣನ್ನು ಕದ್ದವನು ಬುಟ್ಟಿಗಟ್ಟಲೆ ಮಣ್ಣನ್ನು ಹಳ್ಳಕ್ಕೆ ಕೊಟ್ಟಂತಾಯಿತು. ಪಾಪದ ಫಲವನ್ನು ಕಾಣಲು ಪರಲೋಕಕ್ಕೆ ಹೋಗಬೇಕಾಗಿಲ್ಲ. ಮುಂದಿನ ಮುಂಗಾರೇ ಅದನ್ನು ತೋರಿಸುತ್ತದೆ.

ನಮ್ಮ ಜಿಲ್ಲೆಯ ಕಲ್ಯಾಣದಲ್ಲಿಯೇ ನಡೆದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಪತಿ ಮಾರಯ್ಯನವರ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ ಆ ತಾಯಿ ಸಂತೋಷಪಡಲಿಲ್ಲ. ಹೆಚ್ಚಿನ ಅಕ್ಕಿಯನ್ನು ಆಯ್ದಲ್ಲಿಯೇ ಸುರಿದು ಬರುವಂತೆ ಹೇಳಿದರು. ಆ ಅಕ್ಕಿ ಕದ್ದದ್ದಲ್ಲ, ಕಸಿದದ್ದೂ ಅಲ್ಲ, ನೆಲಕ್ಕೆ ಬಿದ್ದದ್ದು. ಆದರೂ ತಮ್ಮ ನೇಮವನ್ನು ಮೀರಿದ್ದು ಅವರಿಗೆ ಬೇಡವಾಯಿತು. ನಿತ್ಯ ಊಟಕ್ಕೇ ಆಯ್ದು ತರಬೇಕಾದ ಮನೆಯಲ್ಲಿ ಈ ನಿಷ್ಠೆಯಿತ್ತು. ಹತ್ತು ಎಕರೆಯ ಒಡೆಯರಾದ ನಮಗೆ ಪಕ್ಕದವನ ಗೇಣು ಮಣ್ಣು ಬೇಕೆ?

ಕಾಯಕವೆಂದರೆ ಬರಿಯ ದುಡಿಮೆಯಲ್ಲ. ದುಡಿಮೆ ತನ್ನ ಎಲ್ಲೆಯನ್ನು ಅರಿತಾಗ ಕಾಯಕವಾಗುತ್ತದೆ. ಕರಸ್ಥಲದಲ್ಲಿ ಇಷ್ಟಲಿಂಗವನ್ನು ಇಟ್ಟುಕೊಂಡು ಪೂಜಿಸುವ ಕೈಯೇ ಮೇಳಿಯನ್ನೂ ಹಿಡಿಯುತ್ತದೆ, ಟ್ರ್ಯಾಕ್ಟರಿನ ಚಕ್ರವನ್ನೂ ತಿರುಗಿಸುತ್ತದೆ. ಬೆಳಿಗ್ಗೆ ಶುದ್ಧವಾಗಿದ್ದ ಕೈ ಬದುವಿನ ಹತ್ತಿರ ಬಂದಾಗಲೂ ಶುದ್ಧವಾಗಿದೆಯೇ ಎಂಬುದೇ ಪೂಜೆಯ ಪರೀಕ್ಷೆ.

ಬಂಧುಗಳೇ, ನಿಮ್ಮ ಮನೆಯಲ್ಲಿ ಇಂತಹ ತಕರಾರು ಇದ್ದರೆ ಮುಂದಿನ ಬಿತ್ತನೆಗೆ ಮೊದಲು ಇಬ್ಬರೂ ಕೂಡಿ ಬದುವಿನ ಮೇಲೆ ನಿಲ್ಲಿರಿ. ಅನುಮಾನವಿದ್ದರೆ ಹದ್ದುಬಸ್ತು ಅಳತೆ ಮಾಡಿಸಿ ಕಲ್ಲು ನೆಡಿಸಿರಿ. ಸವೆದ ಬದುವಿಗೆ ಇಬ್ಬರೂ ಮಣ್ಣು ಏರಿಸಿ ಹುಲ್ಲು ಹಚ್ಚಿರಿ. ಮೊದಲ ಬುಟ್ಟಿಯನ್ನು ಹಿರಿಯನು ಹೊರಲಿ. ಮುಂದಿನ ಎಳ್ಳ ಅಮಾವಾಸ್ಯೆಗೆ ಆ ಬದುವಿನ ಮೇಲೆಯೇ ಎರಡೂ ಮನೆಯವರು ಕೂಡಿ ಉಣ್ಣಲಿ. ಅಂದು ಚೆಲ್ಲಿದ ಚರಗ ನಿಜವಾಗಿಯೂ ಭೂಮಿತಾಯಿಗೆ ಮುಟ್ಟುತ್ತದೆ.