ಹಲಸಿನ ಸುಗ್ಗಿಯಲ್ಲೊಂದು ದಿನ

ಜ್ಯೇಷ್ಠದ ಒಂದು ಶುಕ್ರವಾರ ಸಂಸಾರಸಮೇತನಾಗಿ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಹೋಗಿದ್ದೆ. ಬೆಳಗಿನಲ್ಲೇ ಮಹಾಲಕ್ಷ್ಮಿಯ ದರ್ಶನವಾಯಿತು. ತೀತಾ ಜಲಾಶಯದ ಬಳಿ ಬುತ್ತಿಯೂ ಬರಿದಾಯಿತು. ಆದರೆ ನನ್ನ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ನಮ್ಮೂರ ಹಿತ್ತಿಲಿನ ಮುದಿ ಹಲಸಿನ ಮರವನ್ನು ಕಡಿಯಲೆಂದು ನಾಟಾ ವ್ಯಾಪಾರಿಯಿಂದ ಹಿಂದಿನ ದಿನವಷ್ಟೇ ಮುಂಗಡ ಪಡೆದಿದ್ದೆ.

ದಾರಿಯಲ್ಲಿ ಹಲಸಿನ ಕಂಪು ಮೂಗಿಗೆ ಬಡಿದದ್ದೇ ತಡ, ಮಕ್ಕಳು ಹಠ ಹಿಡಿದರು. ಬಳಸುದಾರಿಯಾದರೂ ಗುಬ್ಬಿ ತಾಲ್ಲೂಕಿನ ಚೇಳೂರಿಗೆ ಹೋದೆವು. ತೋರಣವಿಲ್ಲ, ವಾದ್ಯವಿಲ್ಲ, ಆದರೂ ಅಲ್ಲಿ ಹಬ್ಬ! ಎಲ್ಲಿ ನೋಡಿದರೂ ಹಣ್ಣಿನ ರಾಶಿ, ಎಣ್ಣೆ ಸವರಿದ ಕತ್ತಿ, ರುಚಿ ನೋಡಿರೆಂದು ಚಾಚಿದ ತೊಳೆ. ‘ಹಸಿದು ಹಲಸು’ ಎಂಬ ಗಾದೆಯನ್ನು ಮರೆತು ತುಂಬಿದ ಹೊಟ್ಟೆಯಲ್ಲೇ ತಿಂದೆವು.

ಬೀಜ ಆಯ್ದುಕೊಳ್ಳುತ್ತಿದ್ದ ನನ್ನ ಮಗಳನ್ನು ಕಂಡು ಮುದುಕ ರೈತರೊಬ್ಬರು ನಕ್ಕರು: “ಬೀಜ ಹಾಕಿದ್ರೆ ತಾಯಿ ರುಚಿ ಬರಲ್ಲ ಕಣವ್ವ. ಮರ ಕಡಿದ್ರೆ ಆ ರುಚಿನೂ ಹೋಯ್ತು.”

ಮಾತು ನನಗೇ ತಾಕಿತು. ಈ ಸೀಮೆಯ ‘ಸಿದ್ದು’ ಹಲಸೂ ಮೊದಲು ಒಂಟಿ ಮರವೇ. ಎರಡೂವರೆ ಕಿಲೋ ಆಸುಪಾಸಿನ ಪುಟ್ಟ ಹಣ್ಣು, ತಾಮ್ರಗೆಂಪು ತೊಳೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 2017ರಲ್ಲಿ ಮರದ ಒಡೆಯರೊಡನೆ ಒಪ್ಪಂದ ಮಾಡಿಕೊಂಡಿತು; ಕಸಿಯಿಂದ ಅದರ ಸಂತಾನ ಈಗ ಅನೇಕ ತೋಟಗಳಲ್ಲಿದೆ. ಆ ಮರವನ್ನು ಮೊದಲೇ ಕಡಿದಿದ್ದರೆ?

ಮರುದಿನವೇ ಮುಂಗಡ ಹಿಂದಿರುಗಿಸಿದೆ, ವ್ಯಾಪಾರಿ ಮುನಿಸಿಕೊಂಡ. ನಮ್ಮ ಹಣ್ಣಿನ ತೊಳೆ ಕೆಂಪಲ್ಲ, ನಿಜ. ಆದರೆ ನನ್ನ ತಾಯಿ ಹಪ್ಪಳ ಒತ್ತುತ್ತಿದ್ದುದು ಆ ಮರದ ಕಾಯಿಯಿಂದಲೇ. ಮಳೆ ಹಿಡಿದೊಡನೆ ಅದರ ಕಡ್ಡಿ ತೆಗೆಸಿ ಕಸಿ ಕಟ್ಟಿಸಬೇಕು.