ಖಾಡಿಯನ್ನು ಕಡಲೆನ್ನಲು ನಮಗೇಕೆ ನಾಚಿಕೆ?

ಛಾಯಾಚಿತ್ರ ಸ್ಪರ್ಧೆಯೆಂದರೆ ಜಗಳಕ್ಕೆ ಆಸ್ಪದವಿಲ್ಲದ ಕಾರ್ಯಕ್ರಮವೆಂದು ನಾವು ಬಗೆದಿದ್ದೆವು. ನಾಟಕ ಸ್ಪರ್ಧೆಯಲ್ಲಿ ತೀರ್ಪುಗಾರರಿಗೂ ತಂಡಗಳಿಗೂ ಮಾತಿಗೆ ಮಾತು ಬೆಳೆಯುವುದುಂಟು. ರಂಗೋಲಿ ಸ್ಪರ್ಧೆಯಲ್ಲಿಯೂ ಮುನಿಸು ಕಂಡಿದ್ದೇವೆ. ಆದರೆ ಫೋಟೋ ತೆಗೆಯುವವನು ಸುಮ್ಮನೆ ತೆಗೆಯುತ್ತಾನೆ, ನೋಡುವವನು ಸುಮ್ಮನೆ ನೋಡುತ್ತಾನೆ. ಅಲ್ಲಿ ತಕರಾರಿಗೇನು ಕೆಲಸ? ನಮ್ಮ ಈ ನಂಬಿಕೆ ಈಚೆಗೆ ಹುಸಿಯಾಯಿತು.

ನಮ್ಮ ಠಾಣೆ–ಕಲ್ಯಾಣ ಕಡೆಯ ಸಂಘವೊಂದು ಹವ್ಯಾಸಿಗಳಿಗಾಗಿ ಕರಾವಳಿಯ ಚೆಲುವನ್ನು ಕುರಿತು ಸ್ಪರ್ಧೆ ಇಟ್ಟಿತ್ತು. ಸಂಘದ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ತಪ್ಪು ಆ ಒಂದು ಸಂಘದ್ದಷ್ಟೇ ಅಲ್ಲ. ಬಹುಮಾನಿತ ಚಿತ್ರಗಳನ್ನು ಸಭಾಗೃಹದ ಗೋಡೆಗೆ ತೂಗುಹಾಕಿದ್ದರು. ಮೊದಲನೆಯದು ಮಲ್ಪೆಯ ಸೂರ್ಯಾಸ್ತ. ಎರಡನೆಯದು ಮರವಂತೆಯ ಸೂರ್ಯಾಸ್ತ. ಮೂರನೆಯದು ಕಾರವಾರದ ಸೂರ್ಯಾಸ್ತ. ಒಬ್ಬನೇ ಸೂರ್ಯ ಮೂರು ಬಹುಮಾನ ಹೊಡೆದುಕೊಂಡದ್ದನ್ನು ನಾವು ಅಲ್ಲಿಯೇ ಮೊದಲು ಕಂಡದ್ದು.

ನಮ್ಮ ಬಿಲ್ಡಿಂಗಿನಲ್ಲಿ ಒಂಬತ್ತನೆಯ ಇಯತ್ತೆ ಓದುವ ಹುಡುಗಿಯೊಬ್ಬಳಿದ್ದಾಳೆ. ತಂದೆ ಕುಂದಾಪುರ ಕಡೆಯವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯಲ್ಲಿ. ಅವಳೂ ಒಂದು ಚಿತ್ರ ಕಳುಹಿಸಿದ್ದಳು. ಡೊಂಬಿವಲಿ ಪಶ್ಚಿಮದ ಮೋಠಾಗಾಂವ್ ರೇತಿಬಂದರಿನಲ್ಲಿ ಇಳಿತದ ಹೊತ್ತು, ಕೆಸರಿನ ದಂಡೆಯ ಮೇಲೆ ಕುಳಿತು ಬಲೆ ಹೊಲಿಯುತ್ತಿರುವ ಒಬ್ಬ ಮುದುಕ, ಹಿಂದೆ ಕೆಸರಿಗೆ ಒರಗಿದ ದೋಣಿ, ಅದರಾಚೆ ಇಪ್ಪತ್ತು ಮಾಳಿಗೆಯ ಕಟ್ಟಡಗಳ ಸಾಲು. ಆ ಚಿತ್ರ ಗೋಡೆಯ ಮೇಲೆ ಇರಲಿಲ್ಲ. ವಿಚಾರಿಸಿದಾಗ ಬಂದ ಉತ್ತರ: “ಅದು ವಿಷಯಕ್ಕೆ ಸಂಬಂಧಪಟ್ಟದ್ದಲ್ಲ. ಕರಾವಳಿ ಎಂದು ಹೇಳಿದ್ದೆವು, ಅವಳು ಖಾಡಿಯನ್ನು ತೆಗೆದಿದ್ದಾಳೆ.”

ಈ ಮಾತಿಗಾಗಿಯೇ ನಾವು ಲೇಖನಿ ಎತ್ತಿಕೊಂಡದ್ದು. ಖಾಡಿ ಕರಾವಳಿಯಲ್ಲವೆಂದು ಯಾವ ಭೂಗೋಳ ಹೇಳುತ್ತದೆ? ಗುಮಾಸ್ತರಿಗೆ ವರದಿ ಓದುವ ಚಟ, ನಮಗೂ ಅದುಂಟು. ಕೇಂದ್ರ ಗೃಹ ಮಂತ್ರಾಲಯದ 2023–24ರ ವಾರ್ಷಿಕ ವರದಿಯನ್ನು ತೆರೆದು ನೋಡಬೇಕು. 1970ರ ದಶಕದಿಂದ ನಮ್ಮೆಲ್ಲರ ಪಾಠಪುಸ್ತಕಗಳಲ್ಲಿದ್ದ ಭಾರತದ ಕಡಲತೀರದ ಉದ್ದ 7,516.6 ಕಿಲೋಮೀಟರು. ಹೊಸ ಅಳತೆಯಲ್ಲಿ ಅದು 11,098.81 ಕಿಲೋಮೀಟರು. ಕರ್ನಾಟಕದ್ದು 280ರಿಂದ 343.30ಕ್ಕೆ ಏರಿತು, ಮಹಾರಾಷ್ಟ್ರದ್ದು 652.60ರಿಂದ 877.97ಕ್ಕೆ. ಸಮುದ್ರವೇನೂ ಉದ್ದ ಬೆಳೆಯಲಿಲ್ಲ. ಹಿಂದೆ 45 ಲಕ್ಷಕ್ಕೊಂದು ಪ್ರಮಾಣದ ನಕ್ಷೆಯ ಮೇಲೆ ಅಳೆದಿದ್ದರು, ಈಗ ಎರಡೂವರೆ ಲಕ್ಷಕ್ಕೊಂದು ಪ್ರಮಾಣದಲ್ಲಿ ಅಳೆದರು. ದೂರದಿಂದ ನೋಡಿದಾಗ ನೇರ ಗೆರೆಯಾಗಿ ಕಂಡದ್ದು ಹತ್ತಿರದಿಂದ ಖಾಡಿ, ಅಳಿವೆ, ಕೊರಕಲುಗಳಾಗಿ ಕಂಡಿತು. ಸರಕಾರವೇ ಹತ್ತಿರ ಹೋಗಿ ನೋಡಿ ಲೆಕ್ಕ ತಿದ್ದಿಕೊಂಡಿರುವಾಗ, ನಮ್ಮ ತೀರ್ಪುಗಾರರು ಮಾತ್ರ 45 ಲಕ್ಷದ ನಕ್ಷೆಯನ್ನೇ ಹಿಡಿದು ಕುಳಿತಿದ್ದಾರೆ.

ಬಿ.ಎಸ್ಸಿ. ಓದಿದ ಋಣಕ್ಕೆ ಇನ್ನೊಂದು ಮಾತು. ಕಡಲು ಎಲ್ಲಿಯವರೆಗೆ ಬರುತ್ತದೆಂದು ಉಬ್ಬರವನ್ನೇ ಕೇಳಬೇಕು. ಮಂಗಳೂರಿನ ದೊಡ್ಡ ಉಬ್ಬರ–ಇಳಿತದ ಅಂತರ ಸುಮಾರು ಒಂದೂವರೆ ಮೀಟರು. ಮುಂಬಯಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಿಗೆ ಅದು ನಾಲ್ಕೈದು ಮೀಟರು. ಆ ನೀರು ಉಲ್ಹಾಸ ನದಿಯ ಖಾಡಿಯಲ್ಲಿ ನುಗ್ಗಿ, ಡೊಂಬಿವಲಿಯನ್ನು ದಾಟಿ, ಕಲ್ಯಾಣದ ದುರ್ಗಾಡಿ ಕೋಟೆಯ ಬುಡಕ್ಕೆ ಬರುತ್ತದೆ. ಹಾಗೆ ಬರುತ್ತಿದ್ದುದರಿಂದಲೇ ಕಲ್ಯಾಣ ಬಂದರಾಗಿತ್ತು. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’ನಲ್ಲಿ ‘ಕಲ್ಲಿಯೇನ’ ಎಂದು ಬರುವ ಊರು ನಾವು ದಿನವೂ ಲೋಕಲ್ ಬದಲಿಸುವ ಇದೇ ಕಲ್ಯಾಣ. (ಬಸವಕಲ್ಯಾಣವಲ್ಲ, ನಮ್ಮಲ್ಲಿ ಕೆಲವರು ಭಾಷಣದ ಭರದಲ್ಲಿ ಎರಡನ್ನೂ ಬೆರೆಸಿಬಿಡುವುದುಂಟು.) ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕನಿಗೆ ಇದು ಕಡಲತೀರ. ನಲವತ್ತು ವರ್ಷ ಇಲ್ಲಿ ಸಂಸಾರ ಮಾಡಿದ ನಮಗೆ ಇದು ಗಟಾರ!

ಊರಿನಲ್ಲಿ ನಮ್ಮ ನ್ಯಾಯವೇ ಬೇರೆ. ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ, ವಾರಾಹಿಗಳು ಕೂಡಿ ಕಡಲು ಸೇರುವ ಪಂಚಗಂಗಾವಳಿ ಏನು? ಅದೂ ಉಪ್ಪುನೀರಿನ ಹಿನ್ನೀರೇ. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿಯ ಚಿತ್ರ ತೆಗೆದು ತಂದರೆ ಯಾರೂ ಅದನ್ನು ವಿಷಯಕ್ಕೆ ಹೊರತೆನ್ನುವುದಿಲ್ಲ. ಅಲ್ಲಿಯ ಕೆಸರು ತವರಿನ ಮಣ್ಣು, ಇಲ್ಲಿಯ ಕೆಸರು ದುರ್ನಾತ. ‘ಮತ್ಸ್ಯಗಂಧಾ’ ಎಂಬ ಹೆಸರಿನ ರೈಲನ್ನು ಠಾಣೆಯಲ್ಲಿಯೋ ಪನವೇಲಿನಲ್ಲಿಯೋ ಹತ್ತಿ ಸಂಭ್ರಮದಿಂದ ಊರಿಗೆ ಹೊರಡುವ ನಾವೇ, ಮುಂಬ್ರಾ ಬಂದೊಡನೆ ಮೂಗಿಗೆ ಕರವಸ್ತ್ರ ಹಿಡಿಯುತ್ತೇವೆ.

ದುರ್ನಾತವಿಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಅದು ಯಾರದು? ಠಾಣೆ ಖಾಡಿಯ ಫ್ಲೆಮಿಂಗೋಗಳನ್ನು ನೋಡಿ. ನವೆಂಬರಿನ ಸುಮಾರಿಗೆ ಬಂದು ಮಳೆಗಾಲದ ಮೊದಲು ಹೋಗುವ ಸಾವಿರ ಸಾವಿರ ಹಕ್ಕಿಗಳು. 2015ರಲ್ಲಿ ಅವುಗಳಿಗಾಗಿ ಅಭಯಾರಣ್ಯವಾಯಿತು, 2022ರಲ್ಲಿ ಠಾಣೆ ಖಾಡಿ ರಾಮ್ಸರ್ ಪಟ್ಟಿಗೆ ಸೇರಿತು. ಐರೋಲಿಯಿಂದ ದೋಣಿಯಲ್ಲಿ ಹೋಗಿ ಫೋಟೋ ತೆಗೆಯುವವರಿಗೂ ಕಡಿಮೆಯಿಲ್ಲ. ಹಕ್ಕಿಯ ಆ ಗುಲಾಬಿ ಬಣ್ಣ ಅದು ತಿನ್ನುವ ಪಾಚಿಯಂಥ ಆಹಾರದಿಂದ ಬರುತ್ತದೆ. ಆ ಪಾಚಿ ಹುಲುಸಾಗಿ ಬೆಳೆಯುವುದಕ್ಕೆ ನಮ್ಮ ಮೋರಿಗಳಿಂದ ಹೋಗುವ ಸಾರಾಂಶವೂ ಒಂದು ಕಾರಣ. ಎಂದರೆ ನಾವು ಚೆಂದವೆಂದು ತೆಗೆಯುವ ಚಿತ್ರದಲ್ಲಿ ನಮ್ಮ ಬಚ್ಚಲಿನ ಪಾಲೂ ಇದೆ. ವಾಶಿ ಸೇತುವೆ ಬಂದಾಗ ಕಿಟಕಿಯಿಂದ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದ ಸಮೇತ ಖಾಡಿಗೆ ಎಸೆದು ಕೈಮುಗಿಯುವವರಲ್ಲಿ ನಮ್ಮ ಕನ್ನಡದ ಬಂಧುಗಳನ್ನೂ ಕಂಡಿದ್ದೇವೆ. 2024ರ ಮೇ 20ರ ರಾತ್ರಿ ಘಾಟ್ಕೋಪರಿನ ಮೇಲೆ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ಫ್ಲೆಮಿಂಗೋಗಳು ಸತ್ತು ಬಿದ್ದವು. ಆ ಚಿತ್ರಗಳು ಪತ್ರಿಕೆಯಲ್ಲಿ ಬಂದವು. ಚೆಲುವಿನ ಸ್ಪರ್ಧೆಗೆ ಅವನ್ನು ಯಾರು ಕಳುಹಿಸುತ್ತಾರೆ?

ಇನ್ನು ತವರಿನ ಕರಾವಳಿಯನ್ನಾದರೂ ನಾವು ಸರಿಯಾಗಿ ಕಂಡಿದ್ದೇವೆಯೇ? ನಾವು ಊರಿಗೆ ಹೋಗುವುದು ಮಕ್ಕಳಿಗೆ ರಜೆ ಸಿಕ್ಕಾಗ, ಮೇ ತಿಂಗಳಲ್ಲಿ. ಆಗ ಕಡಲು ಸಾಧು, ಆಕಾಶ ಸ್ವಚ್ಛ, ಸಂಜೆ ಕೇಸರಿ. ಜೂನ್ ನಡುವೆ ಇಲ್ಲಿ ಶಾಲೆ ತೆರೆಯುವ ಮೊದಲು ನಾವು ಹಿಂತಿರುಗಿರುತ್ತೇವೆ. ಉಳ್ಳಾಲದಲ್ಲಿ, ಮರವಂತೆಯಲ್ಲಿ ಕಡಲು ತೆಂಗಿನ ಮರಗಳನ್ನು ಬುಡಸಹಿತ ನುಂಗುವುದು ಅದರ ನಂತರ. ಯಾಂತ್ರಿಕ ದೋಣಿಗಳನ್ನು ಜೂನ್ 1ರಿಂದ ಜುಲೈ 31ರವರೆಗೆ ದಡಕ್ಕೆ ಕಟ್ಟಿಹಾಕುವುದೂ, ನಾಡದೋಣಿಯವರು ಮಳೆಯಲ್ಲಿ ಜೀವ ಕೈಯಲ್ಲಿ ಹಿಡಿದು ಅಲೆ ದಾಟುವುದೂ ಆಗಲೇ. ಮುಂಬಯಿ ಕನ್ನಡಿಗನ ಆಲ್ಬಮಿನಲ್ಲಿ ಆಷಾಢದ ಕಡಲಿಲ್ಲ. ಮರವಂತೆಯಲ್ಲಿ ಸೂರ್ಯಾಸ್ತ ತೆಗೆದ ಮಹಾಶಯರು ದಡದುದ್ದಕ್ಕೂ ಸುರಿದ ಬಂಡೆಗಲ್ಲುಗಳ ಮೇಲೆಯೇ ನಿಂತು ತೆಗೆದಿರಬೇಕು; ಚಿತ್ರದಲ್ಲಿ ಒಂದು ಕಲ್ಲೂ ಬಾರದಂತೆ ಜಾಣತನದಿಂದ ಕತ್ತರಿಸಿದ್ದಾರೆ. ಮಲ್ಪೆಯ ಚಿತ್ರದಲ್ಲಿ ಮೀನುಗಾರನಿದ್ದಾನೆ, ಕಪ್ಪು ನೆರಳಾಗಿ. ಮುಖವಿಲ್ಲ, ಹೆಸರಿಲ್ಲ. ಕೇಸರಿ ಬಣ್ಣವಂತೂ ಫೋನಿನಲ್ಲಿ ಬಳಿದದ್ದೆಂದು ಕುರುಡನಿಗೂ ತಿಳಿಯುವಂತಿತ್ತು.

ಇದು ಹೊಸ ಚಾಳಿಯೇನಲ್ಲ. ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1854ರಲ್ಲಿ, ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ ಮರುವರ್ಷ. ಅದರ ಸದಸ್ಯನಾಗಿದ್ದ ವಿಲಿಯಂ ಜಾನ್ಸನ್ 1860ರ ದಶಕದಲ್ಲಿ ಮುಂಬಯಿಯ ಜನಜಾತಿಗಳ ಚಿತ್ರಸಂಪುಟಗಳನ್ನು ಹೊರತಂದಾಗ, ಬೇರೆಡೆ ನಿಲ್ಲಿಸಿ ತೆಗೆದ ಜನರನ್ನು ಇನ್ನೊಂದೆಡೆಯ ಹಿನ್ನೆಲೆಗೆ ಕೂಡಿಸಿದ್ದುಂಟು. ಜನ ಒಂದು ಕಡೆ, ನೆಲ ಒಂದು ಕಡೆ. ನಾವು ಮಾಡುತ್ತಿರುವುದೂ ಅದನ್ನೇ: ದೇಹ ಡೊಂಬಿವಲಿಯಲ್ಲಿ, ಹಿನ್ನೆಲೆಗೆ ಮಲ್ಪೆ.

“ಕನ್ನಡ ಸಂಘ ಕನ್ನಡದ ಕೆಲಸ ಮಾಡಲಿ, ಖಾಡಿಯ ಗೋಳು ಮರಾಠಿಯವರು ನೋಡಿಕೊಳ್ಳುತ್ತಾರೆ” ಎಂದು ಹಿರಿಯರೊಬ್ಬರು ನಮಗೆ ಬುದ್ಧಿ ಹೇಳಿದರು. ಸ್ವಾಮೀ, ನಾವು ಹೇಳುತ್ತಿರುವುದು ಕನ್ನಡದ ಕೆಲಸವನ್ನೇ. ಉಪ್ಪುನೀರಿನ ಕೆಸರಿನಲ್ಲಿ ಬೇರು ಮೇಲೆತ್ತಿ ನಿಲ್ಲುವ ಗಿಡಕ್ಕೆ ನಮ್ಮ ಹೊನ್ನಾವರದ ಕಡೆ ಕಾಂಡ್ಲಾ ಎನ್ನುತ್ತಾರೆ. ಮಹಾರಾಷ್ಟ್ರ ಸರಕಾರ ಅದೇ ಗಿಡಗಳ ರಕ್ಷಣೆಗೆಂದು ತೆರೆದ ಇಲಾಖೆಯ ಹೆಸರು ‘ಕಾಂದಳವನ ಕಕ್ಷ’. ಕಿವಿಗೊಟ್ಟು ಕೇಳಿದರೆ ಎರಡೂ ಒಂದೇ ಬಳಗದ ಮಾತು. ಆ ಹುಡುಗಿಗೆ ಮನೆಯ ಕಿಟಕಿಯಾಚೆ ಕಾಣುವ ಗಿಡದ ಹೆಸರು ಇಂಗ್ಲಿಷಿನಲ್ಲಿ ಗೊತ್ತು, ಮರಾಠಿಯಲ್ಲಿ ಗೊತ್ತು, ಕನ್ನಡದಲ್ಲಿ ಗೊತ್ತಿಲ್ಲ. ವರ್ಷಕ್ಕೆ ಹದಿನೈದು ದಿನ ನೋಡುವ ಊರನ್ನು ಹೊಗಳಲು ಮಾತ್ರ ಕನ್ನಡ, ಮಿಕ್ಕ ಮುನ್ನೂರೈವತ್ತು ದಿನ ಕಣ್ಣೆದುರಿಗಿರುವುದಕ್ಕೆ ಬೇರೆ ಭಾಷೆ ಎಂದಾದರೆ, ಅವಳು ಆ ಹದಿನೈದು ದಿನಗಳ ಭಾಷೆಯನ್ನು ಸೂಟುಕೇಸಿನೊಳಗಿಟ್ಟು ಅಟ್ಟಕ್ಕೆ ಏರಿಸುತ್ತಾಳೆ. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿದ್ದು ಹನೇಹಳ್ಳಿಯನ್ನೂ ಬರೆದರು, ಮುಂಬಯಿಯನ್ನೂ ಬರೆದರು. ಎರಡೂ ಕನ್ನಡವೇ ಆಯಿತು.

ಮರಾಠಿಯವರು ನೋಡಿಕೊಳ್ಳುತ್ತಾರೆ ಎಂಬ ಮಾತಿಗೂ ಒಂದು ಉತ್ತರ ಬೇಕು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಿ ಮುಂಬಯಿಗಾಗಿ 95 ಹಳ್ಳಿಗಳ ಭೂಮಿಯನ್ನು ಗುರುತಿಸಿದರು. ಗದ್ದೆ, ಉಪ್ಪಿನಾಗರ, ಮೀನಿನ ದಂಡೆ ಎಲ್ಲವೂ ಅದರಲ್ಲಿತ್ತು. ವಾಶಿ, ನೆರೂಳಿನಲ್ಲಿ ನಾವು ಕಂತು ಕಟ್ಟಿ ಕೊಂಡ ಫ್ಲ್ಯಾಟುಗಳು ನಿಂತಿರುವುದು ಅಲ್ಲಿಯೇ. ವಾಶಿಯಲ್ಲಿ ಖಾಡಿಗೆ ಮೂರನೆಯ ಸೇತುವೆ ಬರುವಾಗ ಅಲ್ಲಿಯ ಮೀನುಗಾರರು ಹೈಕೋರ್ಟಿಗೆ ಹೋಗಬೇಕಾಯಿತು. 2021ರಲ್ಲಿ ನ್ಯಾಯಾಲಯ ಅವರಿಗೆ ಪರಿಹಾರದ ಹಕ್ಕಿದೆಯೆಂದಿತು. ದಿವಾಳೆ, ಸಾರಸೋಳೆಗಳ ಕೋಲಿ ಜನರ ದೋಣಿಗಳು ಇಂದಿಗೂ ನಮ್ಮ ಕಟ್ಟಡಗಳ ಹಿಂಬದಿಯಲ್ಲಿಯೇ ಇವೆ. ನಾವು ಅವರಿಂದ ಮೀನು ಕೊಳ್ಳುತ್ತೇವೆ, ಚೌಕಾಸಿ ಮಾಡುತ್ತೇವೆ. ಅವರ ತೀರವನ್ನು ಮಾತ್ರ ತೀರವೆನ್ನಲೊಲ್ಲೆವು.

ಆದುದರಿಂದ ಆ ಸಂಘಕ್ಕೆ ನಾವೊಂದು ಪತ್ರ ಬರೆದಿದ್ದೇವೆ. ಮುಂದಿನ ಸ್ಪರ್ಧೆಯಲ್ಲಿ ಠಾಣೆಯಿಂದ ಕಲ್ಯಾಣದವರೆಗಿನ, ಐರೋಲಿಯಿಂದ ಬೇಲಾಪುರದವರೆಗಿನ ಖಾಡಿಗೂ ಪ್ರವೇಶವಿರಲಿ. ಊರಿನ ಚಿತ್ರ ಕಳುಹಿಸುವವರು ಮಳೆಗಾಲದ ಒಂದನ್ನಾದರೂ ಕಳುಹಿಸಲಿ. ಚಿತ್ರದಲ್ಲಿ ಮನುಷ್ಯನಿದ್ದರೆ ಅವನನ್ನು ಕೇಳಿ ತೆಗೆದಿರಬೇಕು, ಒಪ್ಪಿದರೆ ಹೆಸರನ್ನೂ ಬರೆಯಬೇಕು. ಚಿತ್ರದ ಕೆಳಗೆ ನಾಲ್ಕು ಸಾಲು ಕನ್ನಡದಲ್ಲಿ, ಮಕ್ಕಳದ್ದಾದರೆ ಮಕ್ಕಳೇ ಬರೆದದ್ದು, ಇರಬೇಕು. ತೀರ್ಪುಗಾರರಲ್ಲಿ ಒಬ್ಬರಾದರೂ ಖಾಡಿಯಲ್ಲಿ ಬಲೆ ಬೀಸಿದವರಾಗಿರಲಿ. ಕೊನೆಯ ಸೂಚನೆಗೆ ಪದಾಧಿಕಾರಿಗಳೊಬ್ಬರು ಫೋನಿನಲ್ಲಿ ನಕ್ಕರು. ಉಳಿದವುಗಳಿಗೆ ಇನ್ನೂ ಉತ್ತರ ಬಂದಿಲ್ಲ.

ಹುಡುಗಿ ಆ ಚಿತ್ರದ ಒಂದು ಪ್ರತಿಯನ್ನು ರೇತಿಬಂದರಿಗೆ ಒಯ್ದು ಮುದುಕನಿಗೆ ಕೊಟ್ಟು ಬಂದಳು. ಆತ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಬಲೆ ಹರಿದದ್ದೆಲ್ಲ ಕಾಣುತ್ತದೆ, ಹೊಲಿದಾದ ಮೇಲೆ ಇನ್ನೊಂದು ತೆಗೆ ಎಂದನಂತೆ. ಬರುವ ಭಾನುವಾರ ಮಧ್ಯಾಹ್ನದ ಇಳಿತಕ್ಕೆ ಅವಳು ಮತ್ತೆ ಹೋಗುವವಳಿದ್ದಾಳೆ. ನಾವೂ ಹೋಗುತ್ತೇವೆ.